ಒಂದು ನೊಗಕ್ಕೆ ಎರಡು ಭಾಷೆ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯನ್ನು ವಾಚಕರು ಕೇಳಿಯೇ ಇರುವರು. ಪರ್ಲ್ ಭಾಷೆಯ ಕ್ರಮವಿಧಿಯೊಳಗೆ ಪೈಥಾನ್ ಭಾಷೆಯ ಸಾಲುಗಳನ್ನು ಸೇರಿಸಿ ಗಣಕಯಂತ್ರವನ್ನು ದುಡಿಸಹೊರಟವರಿಗೆ ಇದರ ಅರ್ಥವು ಅನುಭವದಿಂದಲೇ ತಿಳಿಯುತ್ತದೆ.

ಲ್ಯಾರಿ ವಾಲ್ ಅವರ ಪರ್ಲ್ 1987ರಲ್ಲಿಯೂ, ಗೀಡೊ ವಾನ್ ರೋಸಮ್ ಅವರ ಪೈಥಾನ್ 1991ರಲ್ಲಿಯೂ ಹೊರಬಂದವು. ವಾಕ್ಯಗಳ ಗುಂಪನ್ನು ಪರ್ಲ್ ಆವರಣಚಿಹ್ನೆಗಳಿಂದ ಗುರುತಿಸಿದರೆ, ಪೈಥಾನ್ ಸಾಲಿನ ಮೊದಲಿಗೆ ಬಿಟ್ಟ ತೆರಪಿನಿಂದ ಗುರುತಿಸುತ್ತದೆ. ಒಂದಕ್ಕೆ ಅಲಂಕಾರವಾದದ್ದು ಇನ್ನೊಂದಕ್ಕೆ ವ್ಯಾಕರಣ. ಅಂದಕ್ಕಾಗಿ ಇಡೀ ಪೈಥಾನ್ ಭಾಗವನ್ನು ನಾಲ್ಕು ತೆರಪು ಒಳಸರಿಸಿದರೂ ಅದು ದೋಷವೆನಿಸಬಹುದು. 2017ರ ಪರ್ಲ್ 5.26ರಲ್ಲಿ ಇಂತಹ ತೆರಪನ್ನು ತಾನೇ ತೆಗೆದುಹಾಕುವ ಏರ್ಪಾಡು ಬಂದಿತು.

ಉದ್ಧರಣ ಚಿಹ್ನೆಗಳ ಕಾಟ ಇದಕ್ಕಿಂತ ಹೆಚ್ಚಿನದು. ಜೋಡಿ ಉದ್ಧರಣದೊಳಗಿನ ಪಠ್ಯವನ್ನು ಪರ್ಲ್ ಮೊದಲು ತಾನೇ ಓದಿ ತಿದ್ದುತ್ತದೆ. ಪೈಥಾನಿಗೆಂದು ಬರೆದ ‘ಹೊಸ ಸಾಲು’ ಎಂಬ ಸಂಕೇತವು ದಾರಿಯಲ್ಲಿಯೇ ನಿಜವಾದ ಹೊಸ ಸಾಲಾಗಿ, ಪೈಥಾನಿನ ವಾಕ್ಯವು ನಡುವೆ ತುಂಡಾಗುತ್ತದೆ. ಪೈಥಾನಿನ ‘@’ ಚಿಹ್ನೆಯನ್ನು ಪರ್ಲ್ ತನ್ನ ಪಟ್ಟಿಯೊಂದರ ಹೆಸರೆಂದು ಭ್ರಮಿಸುತ್ತದೆ. ಒಂಟಿ ಉದ್ಧರಣವನ್ನು ಬಳಸಿದರೆ ಈ ಎರಡು ತೊಡಕುಗಳೂ ತಪ್ಪುತ್ತವೆ.

ಒಮ್ಮೆ ‘ಮೂರನೆಯ ಸಾಲಿನಲ್ಲಿ ದೋಷ’ ಎಂಬ ಸಂದೇಶ ಬಂದಾಗ ನಾನು ಇಡೀ ಸಂಜೆ ಪರ್ಲ್ ಕಡತದ ಮೂರನೆಯ ಸಾಲನ್ನೇ ಪರೀಕ್ಷಿಸುತ್ತ ಕುಳಿತೆನು. ಅಲ್ಲಿ ಯಾವ ದೋಷವೂ ಇರಲಿಲ್ಲ. ಪೈಥಾನ್ ಎಣಿಸಿದ್ದು ತನಗೆ ದೊರೆತ ತುಣುಕಿನ ಸಾಲುಗಳನ್ನು. ಕಡತದಲ್ಲಿ ಆ ಸಾಲು ಎಷ್ಟೋ ಕೆಳಗಿತ್ತು. ಸಂದೇಶವು ಸತ್ಯವನ್ನೇ ಹೇಳಿತ್ತು; ನಾನು ಹುಡುಕಿದ ಸ್ಥಳ ತಪ್ಪಾಗಿತ್ತು.

ಪರ್ಲ್ ಹಳತಾಯಿತೆಂದು ಕೆಲವರು, ಪೈಥಾನಿನ ಮಡಿ ಅತಿಯಾಯಿತೆಂದು ಕೆಲವರು ದೂರುವುದುಂಟು. ಎರಡೂ ನ್ಯಾಯವಲ್ಲ, ದೋಷವಿರುವುದು ಬೆಸುಗೆಯಲ್ಲಿ. ಆದುದರಿಂದ ಪೈಥಾನಿನ ಕೈಗೆ ತಲಪುವ ಪಠ್ಯವನ್ನು ಮೊದಲು ಇದ್ದಂತೆಯೇ ಮುದ್ರಿಸಿ ನೋಡಬೇಕು. ಬಳಿಕ ಅದನ್ನು ಪೈಥಾನಿಗೆ ಪ್ರತ್ಯೇಕವಾಗಿ ಒಪ್ಪಿಸಿ ಪರೀಕ್ಷಿಸಬೇಕು. ನಾವು ಬರೆದೆವೆಂದು ತಿಳಿದಿರುವುದಕ್ಕೂ ಅಲ್ಲಿಗೆ ಮುಟ್ಟಿದುದಕ್ಕೂ ಇರುವ ಅಂತರ ಆಗ ಕಣ್ಣಿಗೆ ಬೀಳುತ್ತದೆ.

ಎಲ್ಲವೂ ಒಂದೇ ಕಡತದಲ್ಲಿದ್ದರೆ ಸಾಗಿಸಲು ಸುಲಭವೆಂಬ ವಾದವು ನಾಲ್ಕಾರು ಸಾಲುಗಳ ಮಟ್ಟಿಗೆ ಸರಿ. ಅದನ್ನು ಮೀರಿದರೆ ಪೈಥಾನಿಗೆ ಬೇರೆ ಕಡತವನ್ನು ಕೊಡುವುದೇ ಲೇಸೆಂದು ನನ್ನ ಅಭಿಪ್ರಾಯ. ಇಂದು ನಾವು ಉಳಿಸಿದ ಅರ್ಧ ಗಳಿಗೆಗೆ, ನಾಳೆ ಅದೇ ಕಡತವನ್ನು ತಿದ್ದಬೇಕಾಗಿ ಬರುವ ಅಪರಿಚಿತನೊಬ್ಬನು ಒಂದು ರಾತ್ರಿಯ ನಿದ್ರೆಯನ್ನು ತೆರಬಾರದು.