ಬೆರಳಿನ ರಸಕ್ಕೂ ಮಾತ್ರೆಯೇ?

ಮಾವಿನಹಣ್ಣು ಹೆಚ್ಚಿಕೊಟ್ಟ ಅತ್ತೆಯವರ ಬೆರಳನ್ನು ಹಾಗೇ ಚುಚ್ಚಿ, ಗ್ಲುಕೋಮೀಟರ್ 240 ತೋರಿಸಿತು ಅಂತ ನೀವೇ ಇನ್ನೊಂದು ಮಾತ್ರೆ ಕೊಟ್ಟುಬಿಡುತ್ತೀರಾ? ದಯವಿಟ್ಟು ಬೇಡ. ಇಲ್ಲದ ಸಕ್ಕರೆಗೆ ಮಾತ್ರೆ ನುಂಗಿಸಿದರೆ ಇರುವುದೂ ಕುಸಿದು ಅವರು ಪ್ರಜ್ಞೆ ತಪ್ಪಿಯಾರು. ಸ್ಟ್ರಿಪ್‌ನಲ್ಲಿರುವ ಕಿಣ್ವ ಗ್ಲೂಕೋಸ್ ಜೊತೆ ವರ್ತಿಸಿದಾಗ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಮೀಟರ್ ಅಳೆಯುತ್ತದೆ, ಅಷ್ಟೇ. ಆ ಗ್ಲೂಕೋಸ್ ರಕ್ತದ್ದೋ, ಬೆರಳಿಗೆ ಅಂಟಿದ ರಸದ್ದೋ, ಪಾಪ, ಅದಕ್ಕೇನು ಗೊತ್ತು! ಸ್ಪಿರಿಟ್ ಹತ್ತಿಯಲ್ಲಿ ಒಮ್ಮೆ ಒರೆಸಿದರೆ ಸಾಲದು. ಸೋಪು ಹಾಕಿ ಕೈ ತೊಳೆಸಿ, ಒದ್ದೆ ಒರೆಸಿ, ಮತ್ತೆ ನೋಡಿ. ಲ್ಯಾಬಿನ ಅಂಕಿಗೂ ಇದಕ್ಕೂ ಹತ್ತಿಪ್ಪತ್ತು ವ್ಯತ್ಯಾಸ ಬಂದರೆ ಗಾಬರಿ ಬೇಡ. 2013ರ ಐಎಸ್‌ಒ ಮಾನದಂಡವೇ 100ರ ಮೇಲಿನ ಅಂಕಿಗಳಲ್ಲಿ ಶೇ. 15ರಷ್ಟು ಹೆಚ್ಚುಕಮ್ಮಿ ಒಪ್ಪುತ್ತದೆ. ತೊಳೆದ ಮೇಲೂ 240 ಬಂತೇ? ಆಗ ಮಾತ್ರೆ ಡಬ್ಬಿ ಮುಟ್ಟದೆ ಡಾಕ್ಟರಿಗೆ ಫೋನ್ ಮಾಡಿ.