ಕಪ್ಪೆಯ ತಲೆ ನೆಟ್ಟಗಿರುವುದೇಕೆ?

ಮಳೆ ಬಿದ್ದ ಮೇಲೆ ನಮ್ಮ ತಿಕೋಟಾ ಭಾಗದ ದ್ರಾಕ್ಷಿ ತೋಟಗಳ ಹೊಂಡದ ಅಂಚಿನಲ್ಲಿ ಕುಳಿತ ಕಪ್ಪೆಯನ್ನು ನೋಡಿರುತ್ತೀರಿ. ಅದು ಕುಳಿತ ಹಲಗೆಯ ಒಂದು ಬದಿಯನ್ನು ಮೆಲ್ಲಗೆ ಎತ್ತಿದರೆ, ಕಪ್ಪೆ ತಗ್ಗಾದ ಕಡೆಯ ಕಾಲನ್ನು ಚಾಚುತ್ತದೆ, ಎತ್ತರದ ಕಡೆಯ ಕಾಲನ್ನು ಮಡಚುತ್ತದೆ, ತಲೆಯನ್ನು ಮತ್ತೆ ಮಟ್ಟಕ್ಕೆ ತರುತ್ತದೆ. ಇದಕ್ಕೆ ಅದು ಯೋಚನೆ ಮಾಡಬೇಕಾಗಿಲ್ಲ.

ಗುಟ್ಟು ಇರುವುದು ಒಳಕಿವಿಯಲ್ಲಿ. ಅಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ಅವುಗಳೊಳಗಿನ ದ್ರವ ಕೊಂಚ ಹಿಂದುಳಿಯುತ್ತದೆ. ಪಕ್ಕದ ಚೀಲದಲ್ಲಿರುವ ಸುಣ್ಣದ ಹರಳುಗಳು ತಲೆ ವಾಲಿದಾಗ ಸರಿಯುತ್ತವೆ. ಇದರಿಂದ ಅಲ್ಲಿನ ಕೋಶಗಳ ಸೂಕ್ಷ್ಮ ರೋಮಗಳು ಬಾಗುತ್ತವೆ. ಆ ಸುದ್ದಿ ಎಂಟನೆಯ ಕಪಾಲನರದ ಮೂಲಕ ಮೆದುಳಿನ ಬುಡದಲ್ಲಿರುವ ಸಮತೋಲನ ಕೇಂದ್ರಗಳನ್ನು ಮುಟ್ಟುತ್ತದೆ. ಅಲ್ಲಿಂದ ಹೊರಟ ನರತಂತುಗಳು ಮೆದುಳುಬಳ್ಳಿಯಲ್ಲಿ ಇಳಿದು, ಕತ್ತು ಮತ್ತು ಕಾಲುಗಳ ಸ್ನಾಯುಗಳಿಗೆ ಅಪ್ಪಣೆ ತಲುಪಿಸುತ್ತವೆ.

ಈ ಏರ್ಪಾಡು ಹೊಸ ಪಾಠವನ್ನೂ ಕಲಿಯಬಲ್ಲದು. 1970ರ ನವೆಂಬರ್ 9ರಂದು ಅಮೆರಿಕದ ನಾಸಾ ಸಂಸ್ಥೆ ಎರಡು ಗೂಳಿಗಪ್ಪೆಗಳನ್ನು ಉಪಗ್ರಹದಲ್ಲಿಟ್ಟು ಹಾರಿಸಿತು. ತೂಕವಿಲ್ಲದ ಸ್ಥಿತಿಯಲ್ಲಿ ಮೊದಲು ಏರುಪೇರಾದ ಒಳಕಿವಿಯ ನರಸಂಕೇತಗಳು ವಾರದೊಳಗೆ ಬಹುಮಟ್ಟಿಗೆ ಹಿಂದಿನಂತಾದವು. ಒಂದು ಬದಿಯ ಒಳಕಿವಿಯನ್ನೇ ತೆಗೆದ ಪ್ರಯೋಗಗಳಲ್ಲಿ ಕಪ್ಪೆಯ ತಲೆ ಆ ಕಡೆಗೆ ವಾಲುತ್ತದೆ. ವಾರಗಳು ಕಳೆದಂತೆ ನಿಲುವು ಸುಧಾರಿಸುತ್ತದೆ. ಕಳೆದ ಕಿವಿ ಮರಳಿ ಬಂದಿರುವುದಿಲ್ಲ. ಉಳಿದ ಕಿವಿ, ಕಣ್ಣು, ಕಾಲುಗಳ ಸುದ್ದಿಯನ್ನು ಕೂಡಿಸಿ ನರಮಂಡಲ ಹೊಸ ಲೆಕ್ಕ ಹಾಕಿಕೊಂಡಿರುತ್ತದೆ.

ಇಂಥದೇ ನರಮಾರ್ಗ ನಮ್ಮಲ್ಲೂ ಇದೆ. ಎಡವಿದಾಗ ನಾವು ಯೋಚಿಸುವ ಮೊದಲೇ ಕಾಲು ಸಾವರಿಸಿಕೊಳ್ಳುವುದರಲ್ಲಿ ಅದಕ್ಕೂ ಪಾಲುಂಟು. ಆದ್ದರಿಂದ ಕಪ್ಪೆಯ ಪಾಠ ನಮ್ಮ ಮನೆಗಳಿಗೂ ಬೇಕು. ಒಳಕಿವಿಯ ತೊಂದರೆಯಿಂದ ಚಕ್ಕರ ಬಂದ ಹಿರಿಯರನ್ನು, ಬಿದ್ದಾರೆಂಬ ಅಂಜಿಕೆಯಿಂದ, ತಿಂಗಳುಗಟ್ಟಲೆ ಹಾಸಿಗೆಯಲ್ಲೇ ಇರಿಸುವವರಿದ್ದಾರೆ. ಅಲುಗಾಡದ ತಲೆಯಿಂದ ಮೆದುಳು ಏನನ್ನು ಕಲಿತೀತು? ಮೊದಲ ದಿನಗಳ ತೀವ್ರತೆ ತಗ್ಗಿದ ಮೇಲೆ ವೈದ್ಯರ ಸಲಹೆಯಂತೆ ತಲೆ, ಕಣ್ಣುಗಳ ವ್ಯಾಯಾಮ ಮಾಡಿಸಬೇಕು. ಕೈ ಹಿಡಿದು ನಡೆಸಬೇಕು. ಚಕ್ಕರದ ಜೊತೆಗೆ ಮಾತು ತೊದಲಿದರೆ, ಕೈಕಾಲು ಸೋತರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಉಳಿದಂತೆ, ಅಜ್ಜನಿಗೆ ಗುಳಿಗೆಯಷ್ಟೇ ಅಗತ್ಯವಾದುದು ಅಂಗಳದಲ್ಲಿ ನಾಲ್ಕು ಹೆಜ್ಜೆ, ಜೊತೆಗೊಂದು ಹೆಗಲು.