ಅಂಕವೂ ಆಯುಸ್ಸೂ

ಅಂಕವೆಂಬ ಪದಾರ್ಥದ ಮಹಿಮೆಯನ್ನು ವಿದ್ಯಾರ್ಥಿಗಳಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂರು ಗಂಟೆ ಕುಳಿತು ಬರೆದುದನ್ನು ಮೂರು ನಿಮಿಷದಲ್ಲಿ ನೋಡಿ ಯಾರೋ ಹಾಕಿದ ಒಂದು ಸಂಖ್ಯೆ ನಮ್ಮ ಹಣೆಬರಹವಾಗಿ ಕುಳಿತುಬಿಡುತ್ತದೆ. ಆದರೆ ಮಕ್ಕಳು ಓದಿ ಎಸೆಯುವ ಚಿತ್ರಕಥೆಯ ಪುಸ್ತಕಗಳಿಗೂ ಪರೀಕ್ಷೆಯುಂಟು, ಪರೀಕ್ಷಕರುಂಟು, ದಶಾಂಶದವರೆಗೆ ಲೆಕ್ಕಹಾಕಿದ ಅಂಕವುಂಟು ಎಂದರೆ ವಾಚಕರಲ್ಲಿ ಕೆಲವರಾದರೂ ನಕ್ಕಾರು. ನಕ್ಕು ಮುಗಿದ ಮೇಲೆ ಸ್ವಲ್ಪ ಯೋಚಿಸಬೇಕೆಂದು ನನ್ನ ವಿನಂತಿ. ಏಕೆಂದರೆ ಈ ಹುಚ್ಚಿನಲ್ಲಿಯೂ ನಾವು ಕಲಿಯತಕ್ಕ ಪಾಠ ಒಂದಿದೆ. ಕಲಿಯಬಾರದ ಪಾಠವೂ ಒಂದಿದೆ.

ಇದು ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ 1938ರ ಜೂನ್ ತಿಂಗಳ ಹೆಸರು ಹೊತ್ತು ಬಂದ 'ಆಕ್ಷನ್ ಕಾಮಿಕ್ಸ್' ಮೊದಲನೆಯ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಎಂಬ ವೀರ ಪ್ರಥಮವಾಗಿ ಕಾಣಿಸಿಕೊಂಡ. ಬೆಲೆ 10 ಸೆಂಟು. ಅದರ ಒಂದು ಪ್ರತಿ 2024ರ ಏಪ್ರಿಲಿನಲ್ಲಿ ಹರಾಜಿಗೆ ಬಂದು 60 ಲಕ್ಷ ಡಾಲರಿಗೆ, ಎಂದರೆ ಸುಮಾರು 50 ಕೋಟಿ ರೂಪಾಯಿಗೆ ಹೋಯಿತು. ಆ ಪ್ರತಿಗೆ ಸಂದಿದ್ದ ಅಂಕ 8.5. ಇಂಥ ಅಂಕವನ್ನು ಹಾಕಲೆಂದೇ 2000ದಲ್ಲಿ ಸಿ.ಜಿ.ಸಿ. ಎಂಬ ಸಂಸ್ಥೆ ಹುಟ್ಟಿಕೊಂಡಿತು. ಅದರ ಠಾಣ್ಯ ಫ್ಲಾರಿಡಾ ಪ್ರಾಂತದ ಸರಸೋಟ ನಗರ. ಪುಸ್ತಕವನ್ನು ಅವರಲ್ಲಿಗೆ ಕಳುಹಿಸಿದರೆ ಪುಟಗಳನ್ನು ಎಣಿಸಿ, ಮಡಿಕೆ, ಹರಕು, ಕಲೆ, ತುಕ್ಕುಗಳನ್ನು ನೋಡಿ, 0.5ರಿಂದ 10.0ರವರೆಗಿನ ಒಂದು ಅಂಕವನ್ನು ಗೊತ್ತುಮಾಡುತ್ತಾರೆ. ಬಳಿಕ ಪುಸ್ತಕವನ್ನು ಗಟ್ಟಿಯಾದ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿಟ್ಟು, ಅಂಚುಗಳನ್ನು ಬೆಸೆದು, ಅಂಕದ ಚೀಟಿಯೊಡನೆ ಹಿಂದಿರುಗಿಸುತ್ತಾರೆ. ಆ ಪೆಟ್ಟಿಗೆಯನ್ನು ಒಡೆಯದೆ ಪುಸ್ತಕವನ್ನು ತೆಗೆಯುವಂತಿಲ್ಲ. ಒಡೆದರೆ ಅಂಕವೂ ಹೋಯಿತು.

ಈ ಏರ್ಪಾಟನ್ನು ನಾನು ಹಳಿಯುವುದಿಲ್ಲ. ಸಾವಿರಾರು ಮೈಲಿ ದೂರದಿಂದ, ಕಣ್ಣಾರೆ ನೋಡದ ವಸ್ತುವನ್ನು ಕೊಳ್ಳುವವನಿಗೆ ಮಧ್ಯಸ್ಥನ ಮಾತು ಬೇಕೇ ಬೇಕು. ಹರಿದ ಮೂಲೆಗೆ ತೇಪೆ ಹಾಕಿ, ಬಣ್ಣ ಬಳಿದು ಹೊಸದೆಂದು ಮಾರುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಹಾಗೆ ದುರಸ್ತಾದ ಪುಸ್ತಕಕ್ಕೆ ನೇರಳೆ ಬಣ್ಣದ ಚೀಟಿ ಅಂಟಿಸಿ ಎಚ್ಚರಿಸುವುದು ಒಳ್ಳೆಯ ಕೆಲಸವೇ. ನನ್ನ ತಕರಾರು ಬೇರೆ. ಪೆಟ್ಟಿಗೆಯೊಳಗೆ ಸೇರಿದ ಪುಸ್ತಕ ಇನ್ನು ಚಿರಂಜೀವಿಯಾಯಿತೆಂದು ಅದರ ಒಡೆಯ ನಂಬುತ್ತಾನಲ್ಲ, ಆ ನಂಬಿಕೆಯೊಡನೆ ನನ್ನ ಜಗಳ. ಅಂಕವೆಂಬುದು ಪುಸ್ತಕ ಒಂದು ದಿನ ಹೇಗಿತ್ತೆಂಬುದರ ಸಾಕ್ಷಿ. ಮುಂದೆ ಹೇಗಿರುವುದೆಂಬುದರ ಭರವಸೆಯಲ್ಲ. ಬಿ.ಎ. ಪದವೀಪತ್ರಕ್ಕೆ ಕಟ್ಟುಹಾಕಿಸಿ ಗೋಡೆಗೆ ತೂಗಿದ ಮಾತ್ರಕ್ಕೆ ಓದಿದ ವಿದ್ಯೆ ತಲೆಯಲ್ಲಿ ಉಳಿಯುತ್ತದೆಯೇ?

ಶತ್ರು ಯಾರೆಂಬುದನ್ನು ಮೊದಲು ತಿಳಿಯಬೇಕು. ಹಳೆಯ ಚಿತ್ರಕಥೆಗಳನ್ನು ಅಚ್ಚುಮಾಡಿದ್ದು ಅಗ್ಗದ ನ್ಯೂಸ್‌ಪ್ರಿಂಟಿನ ಮೇಲೆ. ಮರವನ್ನು ಯಂತ್ರದಲ್ಲಿ ಅರೆದು ಮಾಡಿದ ಈ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಹಾಗೆಯೇ ಉಳಿದಿರುತ್ತದೆ. ಬೆಳಕೂ ಗಾಳಿಯೂ ತಾಕಿದಂತೆ ಅದು ಹಳದಿಗೆ ತಿರುಗುತ್ತದೆ. ಕಾಗದದೊಳಗೆ ಆಮ್ಲ ಬೆಳೆಯುತ್ತದೆ. ಆಮ್ಲ ಕಾಗದದ ನಾರನ್ನು ಕತ್ತರಿಸುತ್ತದೆ. ಕೊನೆಗೆ ಪುಟ ಮಡಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಸೆಖೆ ಹೆಚ್ಚಿದಷ್ಟೂ, ತೇವ ಹೆಚ್ಚಿದಷ್ಟೂ ಈ ಕ್ರಿಯೆ ಚುರುಕಾಗುತ್ತದೆ. ಶತ್ರು ಪುಸ್ತಕದ ಒಳಗೇ ಇದ್ದಾನೆಂದಾಯಿತು. ಅವನನ್ನು ಪೆಟ್ಟಿಗೆಯೊಳಗೆ ಹಾಕಿ ಬೆಸೆದರೆ ಅವನೂ ಒಳಗೇ ಉಳಿಯುತ್ತಾನೆ. ಇದು ಪೆಟ್ಟಿಗೆ ಮಾಡುವವರಿಗೆ ತಿಳಿಯದ ಸಂಗತಿಯಲ್ಲ. ಆದುದರಿಂದಲೇ ಅವರು ಆಮ್ಲವನ್ನು ಹೀರುವ ವಿಶೇಷ ಕಾಗದದ ಹಾಳೆಗಳನ್ನು ಮುಖಪುಟಗಳ ಒಳಮಗ್ಗುಲಿಗೆ ಇಡುತ್ತಾರೆ. ಆದರೆ ಹೀರುವ ಕಾಗದದ ಹೊಟ್ಟೆಯೂ ಒಂದು ದಿನ ತುಂಬುತ್ತದೆ.

ಪ್ಲಾಸ್ಟಿಕ್ಕಿಗಿಂತ ಹವೆ ದೊಡ್ಡದೆಂಬುದಕ್ಕೆ ಅಮೆರಿಕದವರೇ ಎರಡು ಸಾಕ್ಷಿಗಳನ್ನು ಒದಗಿಸಿದ್ದಾರೆ. ಕೊಲರಾಡೊ ಪ್ರಾಂತದಲ್ಲಿ ಎಡ್ಗರ್ ಚರ್ಚ್ ಎಂಬ ಚಿತ್ರಕಾರನಿದ್ದ. ತನ್ನ ಕೆಲಸಕ್ಕೆ ಉಪಯೋಗವಾದೀತೆಂದು ಸಾವಿರಾರು ಪುಸ್ತಕಗಳನ್ನು ಕೊಂಡು ಮನೆಯಲ್ಲಿ ಒಂದರ ಮೇಲೊಂದು ಒಟ್ಟಿದ. 1977ರಲ್ಲಿ ಅವನ್ನು ಚಕ್ ರೊಜಾನ್ಸ್ಕಿ ಎಂಬ ವ್ಯಾಪಾರಿ ಕೊಂಡಾಗ ಮೂವತ್ತು-ನಲವತ್ತು ವರ್ಷದ ಪುಸ್ತಕಗಳು ನಿನ್ನೆ ಅಚ್ಚಾದಂತೆ ಬೆಳ್ಳಗಿದ್ದುವು. ಕವರಿಲ್ಲ, ರಟ್ಟಿಲ್ಲ, ಪೆಟ್ಟಿಗೆಯಿಲ್ಲ. ಬೆಟ್ಟದ ನಾಡಿನ ಒಣಹವೆ, ಕತ್ತಲೆ, ಒತ್ತಾಗಿ ಪೇರಿಸಿದ್ದರಿಂದ ನಡುವೆ ಗಾಳಿಯಾಡದೆ ಇದ್ದುದು, ಇಷ್ಟೇ ಅವನ್ನು ಕಾಪಾಡಿದ್ದು. ಎರಡನೆಯದು ಈಚಿನದು. ಉತ್ತರ ಕ್ಯಾಲಿಫೋರ್ನಿಯದಲ್ಲಿ ಅಣ್ಣತಮ್ಮಂದಿರು ಕೆಲವರಿಗೆ, ತೀರಿಕೊಂಡ ತಾಯಿಯ ಮನೆಯ ಅಟ್ಟದಲ್ಲಿ, ಹಳೆಯ ವೃತ್ತಪತ್ರಿಕೆಗಳ ಅಡಿಯಲ್ಲಿ, 1939ರ 'ಸೂಪರ್‌ಮ್ಯಾನ್' ಮೊದಲನೆಯ ಸಂಚಿಕೆ ಸಿಕ್ಕಿತು. ಅಂಕ 9.0 ಬಂತು, 2025ರ ನವೆಂಬರಿನಲ್ಲಿ ಅದು 91 ಲಕ್ಷ 20 ಸಾವಿರ ಡಾಲರಿಗೆ ಮಾರಾಟವಾಯಿತು. ಅದನ್ನು ಕಾಪಾಡಿದ್ದು ಆ ಸೀಮೆಯ ತಂಪು ಹವೆ.

ಇದನ್ನು ಓದಿ ನಮ್ಮವರಾರೂ ಅಟ್ಟಕ್ಕೆ ಏಣಿ ಹಾಕಬಾರದು. ಅವರ ಅಟ್ಟ ಬೇರೆ, ನಮ್ಮ ಅಟ್ಟ ಬೇರೆ. ನಮ್ಮ ಕರಾವಳಿಯ ಹಂಚಿನ ಮನೆಯ ಅಟ್ಟ ಏಪ್ರಿಲಿನಲ್ಲಿ ಒಲೆ, ಜುಲೈಯಲ್ಲಿ ಬಾವಿ. ಇಲ್ಲಿಯ ಮಳೆಗಾಲದಲ್ಲಿ ಗಾಳಿಯ ಸಾಪೇಕ್ಷ ತೇವಾಂಶ ದಿನಗಟ್ಟಲೆ ನೂರಕ್ಕೆ 80ಕ್ಕಿಂತ ಮೇಲಿರುತ್ತದೆ; 65-70 ದಾಟಿತೆಂದರೆ ಬೂಸಲು ಹಿಡಿಯಲು ಸಾಕು. ನನ್ನ ತಂದೆ ಬಾಲ್ಯದಲ್ಲಿ ಕೊಂಡ ಇಂದ್ರಜಾಲ ಕಾಮಿಕ್ಸಿನ ಕನ್ನಡ ಸಂಚಿಕೆಗಳು ನಮ್ಮ ಮನೆಯ ಅಟ್ಟದ ತಗಡಿನ ಟ್ರಂಕಿನಲ್ಲಿದ್ದುವು. ಕಳೆದ ವರ್ಷ ಕೆಳಗಿಳಿಸಿದಾಗ ಪಿನ್ನುಗಳು ತುಕ್ಕಾಗಿ ಕರಗಿದ್ದುವು, ಬೆಳ್ಳಿಹುಳು ಮುಖಪುಟಗಳನ್ನು ಕೆರೆದು ತಿಂದಿತ್ತು, ಮೇಲಿನ ಹತ್ತು-ಹನ್ನೆರಡು ಪ್ರತಿಗಳು ಒಂದೇ ಮುದ್ದೆಯಾಗಿದ್ದುವು. ತಳದಲ್ಲಿದ್ದ ಇಪ್ಪತ್ತಮೂರು ಮಾತ್ರ ಓದುವಂತಿವೆ. ಈ ವಿಚಾರವಾಗಿ ನಾನು ಓದಲು ತೊಡಗಿದ್ದು ಆ ಇಪ್ಪತ್ತಮೂರರ ದೆಸೆಯಿಂದ.

ಹಾಗಾದರೆ ಮಾಡತಕ್ಕದ್ದೇನು? ನನ್ನ ಅಭಿಪ್ರಾಯದಲ್ಲಿ ಮೊದಲು ಜಾಗ, ಆಮೇಲೆ ಡಬ್ಬಿ, ಆಮೇಲೆ ಕವರು, ಎಲ್ಲಕ್ಕೂ ಕೊನೆಗೆ ಬೆಸೆದ ಪೆಟ್ಟಿಗೆ. ಸಂಗ್ರಾಹಕರು ಸಾಮಾನ್ಯವಾಗಿ ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ.

ಜಾಗವೆಂದರೆ ಮನೆಯೊಳಗಿನ, ಜನ ಓಡಾಡುವ ಕೋಣೆ. ಅಟ್ಟವೂ ಅಲ್ಲ, ಸ್ನಾನದ ಮನೆಯ ಪಕ್ಕದ ಗೋಡೆಯೂ ಅಲ್ಲ. ಕಪಾಟು ಹೊರಗೋಡೆಗೆ ಅಂಟಿಕೊಂಡಿರಬಾರದು. ನಾಲ್ಕು ಬೆರಳು ಅಂತರವಿರಲಿ. ಬಿಸಿಲು ಬೀಳುವ ಕಿಟಕಿಯ ಎದುರು ಬೇಡ. ಕಾಗದಕ್ಕೆ ಹಿತವಾದುದು 18ರಿಂದ 21 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ನೂರಕ್ಕೆ 30ರಿಂದ 50ರ ತೇವಾಂಶ. ನಮ್ಮ ಸೀಮೆಯಲ್ಲಿ ಇದು ಆಸೆಯ ಮಾತೇ ಹೊರತು ಅಳತೆಯ ಮಾತಲ್ಲ. ಆದರೂ ಬಿಗಿಯಾದ ಮುಚ್ಚಳದ ಪಾಲಿಪ್ರೊಪಿಲಿನ್ ಡಬ್ಬಿಯಲ್ಲಿ ಪುಸ್ತಕಗಳನ್ನಿಟ್ಟು, ಜೊತೆಗೆ ಸಿಲಿಕಾ ಜೆಲ್ಲಿನ ಚೀಲವನ್ನಿಟ್ಟರೆ ಡಬ್ಬಿಯ ಮಟ್ಟಿಗೆ ತೇವವನ್ನು ಹದ್ದಿನಲ್ಲಿಡಬಹುದು. ಹರಳುಗಳ ಬಣ್ಣ ತಿರುಗಿದರೆ ಬಿಸಿಮಾಡಿ ಒಣಗಿಸಿ ಮತ್ತೆ ಇಡತಕ್ಕದ್ದು. ಇಟ್ಟು ಮರೆತವನಿಗೆ ಇದು ಪ್ರಯೋಜನವಿಲ್ಲ. ಮಳೆಗಾಲಕ್ಕೆ ಮೊದಲು ಒಮ್ಮೆ, ನಡುವೆ ಎರಡು ಬಾರಿ ತೆರೆದು ನೋಡಲೇಬೇಕು.

ಇನ್ನು ಕವರು. ಪೇಟೆಯಲ್ಲಿ ಸಿಕ್ಕುವ ಪ್ಲಾಸ್ಟಿಕ್ಕೆಲ್ಲ ಒಂದೇ ಜಾತಿಯಲ್ಲ. ಮೆತ್ತಗೆ, ಸ್ವಲ್ಪ ಅಂಟಂಟಾಗಿ, ಹೊಸ ಮಳೆಯಂಗಿಯಂತೆ ವಾಸನೆ ಬರುವ ಪಿ.ವಿ.ಸಿ. ಎಷ್ಟು ಅಗ್ಗವಾದರೂ ಬೇಡ. ಕಾಲಕ್ರಮದಲ್ಲಿ ಅದು ತಾನೇ ಆಮ್ಲವನ್ನು ಬಿಡುತ್ತದೆ, ಅಚ್ಚಿನ ಶಾಯಿಗೂ ಅಂಟುತ್ತದೆ. ಪಾಲಿಎಥಿಲಿನ್, ಪಾಲಿಪ್ರೊಪಿಲಿನ್ ಕವರುಗಳು ಅಗ್ಗ, ನಿರಪಾಯ. ಆದರೆ ಕೆಲವು ವರ್ಷಗಳಿಗೊಮ್ಮೆ ಬದಲಾಯಿಸಬೇಕು. ಎಲ್ಲಕ್ಕೂ ಮೇಲಾದುದು ಶುದ್ಧ ಪಾಲಿಎಸ್ಟರ್ ಹಾಳೆಯ ಕವರು. ಅದನ್ನು ಸಂಗ್ರಾಹಕರು ಮೈಲಾರ್ ಎಂದು ಕರೆಯುತ್ತಾರೆ. ನಮ್ಮ ಮೈಲಾರಲಿಂಗನಿಗೂ ಇದಕ್ಕೂ ನಂಟಿಲ್ಲ. ಈ ಹಾಳೆ ಕಾಗದದೊಡನೆ ಯಾವ ರಾಸಾಯನಿಕ ವ್ಯವಹಾರವನ್ನೂ ಇಟ್ಟುಕೊಳ್ಳುವುದಿಲ್ಲ, ಮಬ್ಬಾಗುವುದಿಲ್ಲ, ದಶಕಗಳ ಕಾಲ ಬಾಳುತ್ತದೆ. ಬೆಲೆ ಮಾತ್ರ ಹೆಚ್ಚು. ಆದಕಾರಣ ಅಪರೂಪದ ಐದಾರು ಪುಸ್ತಕಗಳಿಗೆ ಪಾಲಿಎಸ್ಟರು, ಉಳಿದವುಗಳಿಗೆ ಪಾಲಿಪ್ರೊಪಿಲಿನ್ ಎಂದು ಗೊತ್ತುಮಾಡಿಕೊಂಡರೆ ವಿದ್ಯಾರ್ಥಿಯ ಜೇಬಿಗೂ ಎಟುಕೀತು. ಕವರಿನೊಳಗೆ ಪುಸ್ತಕದ ಬೆನ್ನಿಗೊಂದು ರಟ್ಟು ಬೇಕು. ಸಾಮಾನ್ಯ ಕಂದು ರಟ್ಟು ಆಮ್ಲದ ಗೂಡು. ಹೊರಮೈಗೆ ಮಾತ್ರ ಸಂಸ್ಕಾರ ಮಾಡಿದ ರಟ್ಟಿನ ಒಳಗೂ ಆಮ್ಲ ಕುಳಿತಿರಬಹುದು. ಆದ್ದರಿಂದ ಉದ್ದಕ್ಕೂ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದ ಬಿಳಿಯ ರಟ್ಟೇ ಸರಿ. ಮತ್ತೊಂದು ಮಾತು: ಮಳೆಗಾಲದಲ್ಲಿ ಪುಸ್ತಕವನ್ನು ಕವರಿಗೆ ಹಾಕಬಾರದು, ತೇವವನ್ನೂ ಜೊತೆಗೆ ಕಟ್ಟಿಟ್ಟಂತಾಗುತ್ತದೆ. ಮಾಘ ಮಾಸದ ಒಣ ದಿನವೊಂದನ್ನು ಆರಿಸಿಕೊಂಡು, ನೆರಳಿನಲ್ಲಿ ಆರಹಾಕಿ, ಆಮೇಲೆ ಹಾಕತಕ್ಕದ್ದು. ನುಸಿಗುಳಿಗೆಯನ್ನು ಪ್ಲಾಸ್ಟಿಕ್ಕಿನ ಜೊತೆಗೆ ಇಡಕೂಡದು. ಅದರ ಆವಿಗೆ ಕೆಲವು ಪ್ಲಾಸ್ಟಿಕ್ಕುಗಳು ಕರಗುತ್ತವೆ.

ಅಂಕ ಪಡೆದು ಬೆಸೆದ ಪೆಟ್ಟಿಗೆಯೊಳಗೆ ಬಂದ ಪುಸ್ತಕಕ್ಕೂ ಈ ಮಾತುಗಳೆಲ್ಲ ಸಲ್ಲುತ್ತವೆ. ಆ ಪೆಟ್ಟಿಗೆ ಗಾಳಿಯಾಡದ ಪೆಟ್ಟಿಗೆಯಲ್ಲ; ಹೊರಗಿನ ತೇವ ಮೆಲ್ಲಗೆ ಒಳಗಿಳಿಯುತ್ತದೆ. ಅದರ ಮೈ ಬೇಗ ಗೀರುಬೀಳುವುದರಿಂದ ಅಳತೆಗೆ ಸರಿಯಾದ ಪಾಲಿಪ್ರೊಪಿಲಿನ್ ಕವರನ್ನು ಹೊರಗಿನಿಂದ ತೊಡಿಸಬೇಕು. ಸುಮಾರು 8 ಅಂಗುಲ ಅಗಲ, 13 ಅಂಗುಲ ಉದ್ದದ ಈ ಪೆಟ್ಟಿಗೆಗಳನ್ನು ಚಪ್ಪಟೆಯಾಗಿ ಒಂದರ ಮೇಲೊಂದು ಪೇರಿಸದೆ, ಗ್ರಂಥಾಲಯದ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿ, ವಾಲದಂತೆ ಆಧಾರ ಕೊಡಬೇಕು. ಬೀಳಿಸಿದರೆ, ಕುಲುಕಿದರೆ ಒಳಗಿನ ಪುಸ್ತಕ ಜರುಗಿ ಅಂಚು ಜಜ್ಜುತ್ತದೆ. ಚೀಟಿಯಲ್ಲಿ ಮಾತ್ರ 9.6 ಎಂದೇ ಇರುತ್ತದೆ. ಗೋಡೆಗೆ ತೂಗಿ ಬಿಸಿಲಿಗೊಡ್ಡಿದರೆ ಬಣ್ಣ ಹಾರುತ್ತದೆ. ಚೀಟಿ ಆಗಲೂ ಅದನ್ನೇ ಹೇಳುತ್ತದೆ. ಅಂಕ ಸುಳ್ಳಾಗದೆ ಉಳಿಯಬೇಕಾದರೆ ದಿನದಿನವೂ ಕಾಯುವವನೊಬ್ಬನಿರಬೇಕು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಪುಸ್ತಕವನ್ನು ಓದಲಾಗದಂತೆ ಬೆಸೆದಿಡುವುದು ರಕ್ಷಣೆಯೇ? ಮಾರುವ ಸರಕಾದರೆ ಆಗಲಿ. ಆದರೆ ಓದಬೇಕಾದ, ಇನ್ನೊಬ್ಬರಿಗೆ ಓದಿಸಬೇಕಾದ ಪುಸ್ತಕಕ್ಕೆ ಇದು ತಕ್ಕ ದಾರಿಯಲ್ಲವೆಂದು ನಾನು ತಿಳಿಯುತ್ತೇನೆ. ನಮ್ಮ ಹಿರಿಯರು ಓಲೆಗರಿಯ ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ, ಹಲಗೆಯ ನಡುವೆ ಬಿಗಿದು ಇಡುತ್ತಿದ್ದರು. ಆದರೆ ಆಗಾಗ್ಗೆ ಬಿಚ್ಚಿ, ಎಣ್ಣೆ ಸವರಿ, ಓದಿ, ಮತ್ತೆ ಕಟ್ಟುತ್ತಿದ್ದರು. ಕೌಟಿಲ್ಯನ ಅರ್ಥಶಾಸ್ತ್ರ ಶತಮಾನಗಳ ಕಾಲ ಕಣ್ಮರೆಯಾಗಿದ್ದು, 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಓಲೆಗರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿತ್ತು, 1909ರಲ್ಲಿ ಅಚ್ಚಾಯಿತು. ಆ ಕಟ್ಟಿಗೆ ಅಂಕವಿರಲಿಲ್ಲ. ಬಿಚ್ಚಿ ಓದಿದವರೊಬ್ಬರಿದ್ದರು, ಅಷ್ಟೆ. ಚಿತ್ರಕಥೆಯನ್ನು ಅರ್ಥಶಾಸ್ತ್ರಕ್ಕೆ ಸಮ ಮಾಡುವ ಹುಂಬತನ ನನಗಿಲ್ಲ. ಬಿಚ್ಚಲು ಬರುವ ಕಟ್ಟೇ ಒಳ್ಳೆಯ ಕಟ್ಟು ಎಂಬಷ್ಟೇ ನನ್ನ ಮಾತು. ಕವರಿನಿಂದ ಪುಸ್ತಕ ಹೊರಬರುತ್ತದೆ, ಓದಿದ ಮೇಲೆ ಒಳಹೋಗುತ್ತದೆ. ಬೆಸೆದ ಪೆಟ್ಟಿಗೆಗೆ ಈ ಗುಣವಿಲ್ಲ.

ಕನ್ನಡಿಗರಾದ ನಮಗೆ ಇದರಲ್ಲಿ ಬೇರೆಯೇ ಒಂದು ಹೊಣೆಯಿದೆ. ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ತೊಡಗಿದ ಇಂಗ್ಲಿಷ್ ಅಮರ ಚಿತ್ರಕಥಾ ಮಾಲೆಯ 'ಕೃಷ್ಣ'ಕ್ಕೆ ಕ್ರಮಸಂಖ್ಯೆ 11 ಎಂದಿರುವುದನ್ನು ಎಷ್ಟು ಜನ ಗಮನಿಸಿದ್ದಾರೆ? ಅದಕ್ಕೂ ಮೊದಲಿನ ಹತ್ತು ಪುಸ್ತಕಗಳು ಬೆಂಗಳೂರಿನಲ್ಲಿ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ 1965ರ ಸುಮಾರಿಗೆ ಹೊರಟವು, ಅದೂ ಕನ್ನಡದಲ್ಲಿ. ಪಾಶ್ಚಾತ್ಯ ಮಕ್ಕಳ ಕಥೆಗಳ ಅನುವಾದಗಳವು. 1964ರಿಂದ 1990ರವರೆಗೆ ನಡೆದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿಯೂ ಬರುತ್ತಿತ್ತು. ಇವೆಲ್ಲ ಇಂದು ಯಾರ ಮನೆಯ ಯಾವ ಟ್ರಂಕಿನಲ್ಲಿ ಮುದ್ದೆಯಾಗುತ್ತಿವೆಯೋ! ಅಮೆರಿಕದಲ್ಲಿ ಹಣದ ಆಸೆಯಾದರೂ ಹಳೆಯ ಪುಸ್ತಕವನ್ನು ಕಾಯುತ್ತದೆ. ನಮ್ಮ ಪುಸ್ತಕಗಳಿಗೆ ಕೋಟಿ ಕೊಡುವವರಿಲ್ಲ. ಅವನ್ನು ಪ್ರೀತಿಯೇ ಕಾಯಬೇಕು, ಪ್ರೀತಿಗೆ ಸ್ವಲ್ಪ ತಿಳಿವಳಿಕೆಯೂ ಜೊತೆಗೂಡಬೇಕು.

ಆದುದರಿಂದ ಸಹಪಾಠಿಗಳಲ್ಲಿ ನನ್ನದೊಂದು ಸೂಚನೆ. ಬರುವ ರಜೆಯಲ್ಲಿ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ಸಿಕ್ಕಿದ ಕನ್ನಡದ ಹಳೆಯ ಚಿತ್ರಕಥೆಗಳನ್ನು ಕೆಳಗಿಳಿಸಿ, ಒಣಗಿಸಿ, ಹೆಸರು, ಸಂಖ್ಯೆ, ಇಸವಿಗಳನ್ನು ಬರೆದಿಟ್ಟು ಕವರು ಹಾಕಿ. ಇಟ್ಟುಕೊಳ್ಳಲು ಮನಸ್ಸಿಲ್ಲದವರು ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕೊಡಲಿ. ಅಲ್ಲಿ ಒಂದು ಕಪಾಟು, ನಾಲ್ಕು ಡಬ್ಬಿ, ನೂರು ಕವರು ಇವಕ್ಕೆ ತಗಲುವ ಹಣ ವಾರ್ಷಿಕೋತ್ಸವದ ಒಂದು ಸಂಜೆಯ ಕಾಫಿ-ತಿಂಡಿಯ ಖರ್ಚನ್ನು ಮೀರಲಾರದು. ನನ್ನ ಪಾಲಿನ ಇಪ್ಪತ್ತಮೂರನ್ನು ಮೊದಲು ತಂದುಕೊಡುವವನು ನಾನೇ. ಅವಕ್ಕೆ ಅಂಕ ಹಾಕುವ ಗೊಡವೆ ಯಾರಿಗೂ ಬೇಡ. ಮುಂದಿನ ಮಳೆಗಾಲ ಕಳೆದ ಮೇಲೆ ಇಪ್ಪತ್ತಮೂರೂ ಬಿಡಿಬಿಡಿಯಾಗಿ ತೆರೆದುಕೊಂಡರೆ ಸಾಕು.